ಅಕ್ಕನ ಮಂಡಿಗೆ ಹೊಂದುವ ಗೇರು

ಹೆಂಡತಿಗೆ ಬಳೆ ಕೊಡಿಸುತ್ತೇನೆಂದು ಹೇಳಿ ಕೊಡಿಸದೇ ಉಳಿದ ಗಂಡಂದಿರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಹೆಂಡತಿಗೆಂದೇ ಸೈಕಲ್ ಕೊಂಡು ತಂದು, ಅದು ಇನ್ನೂ ಸರಿಯಾಗಿಲ್ಲವೆಂದು ಆಕೆಗೆ ಮುಟ್ಟಲೂ ಕೊಡದೆ, ವರ್ಷಗಟ್ಟಲೆ ತಾವೇ ತುಳಿದು ಸವೆಸಿದ ಗಂಡ ಮಾತ್ರ ನಮ್ಮ ತುಮಕೂರಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಭಾವ. ಬೇರೆ ಊರಿನಲ್ಲಿ ಇಂಥವರು ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಇಬ್ಬರನ್ನೂ ಒಂದು ಕಡೆ ಕೂರಿಸಿ, ಕಾಫಿ ಕೊಟ್ಟು, ದೂರದಿಂದ ನೋಡಬೇಕೆಂಬ ಆಸೆ ನನಗಿದೆ.

ಭಾವ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ನಟ್ಟು, ಬೋಲ್ಟು, ವಾಷರು, ಬೇರಿಂಗು ಕೇಳಿಕೊಂಡು ಬಂದವರಿಗೆ ಅವರಿಗೆ ಬೇಕಾದ ಸೈಜನ್ನೇ ತೆಗೆದುಕೊಡುವುದು ಅವರ ಕೆಲಸ. ಅದನ್ನೇ ಮಾಡಿ ಮಾಡಿ, ಲೋಕದ ಪ್ರತಿಯೊಂದು ಕಷ್ಟಕ್ಕೂ ಯಾವುದೋ ಒಂದು ಕಪಾಟಿನಲ್ಲಿ ಸರಿಯಾದ ಸೈಜಿನ ಪರಿಹಾರ ಇದ್ದೇ ಇರುತ್ತದೆ, ಹುಡುಕುವ ತಾಳ್ಮೆ ಬೇಕಷ್ಟೆ ಎಂದು ಅವರು ನಂಬಿಬಿಟ್ಟಿದ್ದಾರೆ. ಕುಕ್ಕರಿಗೆ ಗ್ಯಾಸ್ಕೆಟ್ ತರಲು ಹೋಗುವಾಗ ಕುಕ್ಕರನ್ನೇ ಮಗುವಿನಂತೆ ಎತ್ತಿಕೊಂಡು ಹೋಗುವವರು ಅವರು. ಒಮ್ಮೆ ಆ ಕುಕ್ಕರಿನೊಳಗೆ ಬೇಳೆಯೂ ಇತ್ತಂತೆ.

ಅಕ್ಕನನ್ನು ನೋಡಲು ಗುಬ್ಬಿಯ ನಮ್ಮ ಮನೆಗೆ ಬಂದ ದಿನವೂ ಅಷ್ಟೆ. ಹುಡುಗಿಯ ಮುಖ ನೋಡುವುದು ಬಿಟ್ಟು, ಅವಳು ಕೂತಿದ್ದ ಕುರ್ಚಿಯ ಕಾಲನ್ನೇ ನೋಡುತ್ತಿದ್ದರು. ಕುರ್ಚಿ ಕುಂಟುತ್ತಿತ್ತು. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಎದ್ದು ಬಂದರು. ಒಂದು ಚೂರು ಪೇಪರನ್ನು ಮಡಿಸಿ ಕುರ್ಚಿಯ ಕಾಲಿನ ಕೆಳಗಿಟ್ಟು, "ಈಗ ಅಲ್ಲಾಡ್ತಿದೆಯಾ?" ಎಂದು ಕೇಳಿದರು. ಆವತ್ತು ಅವರು ಹುಡುಗಿಯನ್ನು ಕೇಳಿದ ಪ್ರಶ್ನೆ ಅದೊಂದೇ. ಅವರೆಲ್ಲ ಹೋದ ಮೇಲೆ ಅಕ್ಕ, "ಹಾಡೋಕ್ ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳ್ದೇ ಇರೋ ಗಂಡು ಇನ್ನೆಲ್ಲಿ ಸಿಕ್ತಾರೆ" ಎಂದು ಒಪ್ಪಿಕೊಂಡುಬಿಟ್ಟಳು.

ಇನ್ನು ಸೈಕಲ್ಲಿನ ವಿಷಯ. ನಮ್ಮಜ್ಜಿಯ ಊರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ. ಬೇಸಿಗೆ ರಜಕ್ಕೆ ನಾವು ಬರುತ್ತೇವೆಂದು ತಿಳಿದರೆ ಸೋದರಮಾವನ ಗಂಡುಮಕ್ಕಳು ಕುಣಿಗಲ್‌ವರೆಗೂ ಸೈಕಲ್ ತುಳಿದುಕೊಂಡು ಬಂದು ಕಾಯುತ್ತಿದ್ದರು. ಗುಬ್ಬಿಯಲ್ಲಿ ದಿನಾ ಸೈಕಲ್ಲಿನಲ್ಲೇ ಸ್ಕೂಲಿಗೆ ಹೋಗುತ್ತಿದ್ದ ಅಕ್ಕ ತನಗೂ ಒಂದು ಸೈಕಲ್ ಕೊಡಿ ಎಂದು ಗೋಗರೆಯುತ್ತಿದ್ದಳು. ಅಜ್ಜಿ ಬಿಡುತ್ತಿರಲಿಲ್ಲ. "ಹೆಣ್ ಐಕ್ಳು ದುರ್ಗದ ಏರ್‌ನಾಗೆ ಸೈಕಲ್ ತುಳುದ್ರೆ ನೋಡ್ದೋರು ಏನಂದಾರು?" ಎನ್ನುತ್ತಿದ್ದರು. ಹಾಗಾಗಿ ಬ್ಯಾಗುಗಳ ಜೊತೆಗೆ, ಮೂಗು ಸುರಿಸುತ್ತಿದ್ದ ನನ್ನ ಜೊತೆಗೆ, ಅಕ್ಕ ಬಸ್ಸಿನಲ್ಲಿ ಹೋಗಬೇಕಾಗುತ್ತಿತ್ತು. ಹಿಂದಿನ ಕಿಟಕಿಯಲ್ಲಿ ಆ ಹುಡುಗರು ಸಣ್ಣಗಾಗುತ್ತಾ ಹೋಗುವುದನ್ನು ಅವಳು ನೋಡುತ್ತಲೇ ಇರುತ್ತಿದ್ದಳು.

ಮಗಳ ಮದುವೆ ಮುಗಿದು ಮನೆ ನಿರಾಳವಾದ ವರ್ಷ ಅಕ್ಕ ಒಂದು ದಿನ ಸೊಪ್ಪು ಬಿಡಿಸುತ್ತಾ ಹೇಳಿದಳು. "ರೀ, ಒಂದೇ ಒಂದ್ ಸಲ ಕುಣಿಗಲ್‌ನಿಂದ ದುರ್ಗಕ್ಕೆ ಸೈಕಲ್‌ನಲ್ಲಿ ಹೋಗ್ಬೇಕು ಕಣ್ರೀ."

"ಅದಕ್ಕೇನಂತೆ, ಹೋಗೋಣ" ಎಂದರು ಭಾವ.

ಬೇರೆ ಯಾರಾದರೂ ಆಗಿದ್ದರೆ ಮಾರನೆಯ ಭಾನುವಾರವೇ ಎರಡು ಸೈಕಲ್ ಹೊಂದಿಸಿಕೊಂಡು ಹೋಗಿ ಬಂದು, ಸಂಜೆಗೆ ಕಾಲು ನೋವೆಂದು ಮಲಗುತ್ತಿದ್ದರು. ಭಾವ ಹಾಗಲ್ಲವಲ್ಲ! ಕುಣಿಗಲ್ ದಾಟಿದ ಮೇಲೆ ಸಮರಸ್ತೆ ಎಷ್ಟು, ಮಣ್ಣಿನ ದಾರಿ ಎಷ್ಟು, ಏರು ಎಷ್ಟು ಎಂದು ಯೋಚಿಸಿದರು. ಕೊನೆಗೆ ಬೆಂಗಳೂರಿನಿಂದ ಅಕ್ಕನ ಎತ್ತರಕ್ಕೆ ಸರಿಯಾದ ಒಂದು ವಿಚಿತ್ರ ಸೈಕಲ್ ತಂದರು. ಅದರ ಹ್ಯಾಂಡಲ್ಲು ರೇಸಿನವರದ್ದು, ಟಯರು ಕೆಸರುಗದ್ದೆಯವರದ್ದು. ಹೆಸರು ಸೈಕ್ಲೋಕ್ರಾಸ್ ಅಂತೆ.

"ಟಾರ್ ರೋಡ್‌ನಲ್ಲೂ ಓಡುತ್ತೆ, ಮಣ್ಣಲ್ಲೂ ಓಡುತ್ತೆ, ಹುಲ್ಲಲ್ಲೂ ಓಡುತ್ತೆ" ಎಂದು ಭಾವ ವಿವರಿಸಿದರು. "ಓಡೋಕೇ ಆಗದೇ ಇರೋ ಜಾಗ ಬಂದ್ರೆ ಇಳಿದು ತಳ್ಕೊಂಡೋ, ಹೆಗಲ ಮೇಲೆ ಹೊತ್ಕೊಂಡೋ ಹೋಗೋದು. ಫಾರಿನ್‌ನಲ್ಲಿ ಇದರ ಆಟಾನೇ ಹಂಗೆ. ಇಳಿಯೋದು, ಹೊರೋದು ಎಲ್ಲಾ ಆಟದಲ್ಲೇ ಸೇರಿದೆ."

"ಹೊತ್ಕೊಂಡ್ ಓಡೋಕೆ ಸೈಕಲ್ ಯಾಕ್ರೀ ಬೇಕು? ಅಕ್ಕಿ ಮೂಟೆ ಸಾಲ್ದಾ?" ಎಂದಳು ಅಕ್ಕ. ಆದರೆ ಮಾತಾಡುತ್ತಲೇ ಅವಳು ಆ ಸೀಟನ್ನು ಸೆರಗಿನಿಂದ ಒರೆಸುತ್ತಿದ್ದುದನ್ನು ನಾನು ನೋಡಿದೆ.

ಅಲ್ಲಿಂದ ಶುರುವಾಯಿತು ಗೇರಿನ ಕತೆ. ಪೆಡಲಿನ ಬಳಿ ಇರುವುದು ಚೈನ್‌ವೀಲು, ಹಿಂದಿನ ಚಕ್ರದಲ್ಲಿರುವುದು ಸಣ್ಣದರಿಂದ ದೊಡ್ಡದರವರೆಗೆ ಸಾಲಾಗಿ ಜೋಡಿಸಿದ ಫ್ರೀವೀಲು. ಮುಂದಿನದರ ಹಲ್ಲು ಕಡಿಮೆಯಾಗಿ ಹಿಂದಿನದರ ಹಲ್ಲು ಹೆಚ್ಚಾದಷ್ಟೂ ಏರು ಹತ್ತುವುದು ಹಗುರ. ಆದರೆ ಅಂಥ ಸೈಕಲ್ ಸಮರಸ್ತೆಯಲ್ಲಿ ಎಷ್ಟು ತುಳಿದರೂ ಮುಂದೆ ಹೋಗುವುದಿಲ್ಲ. ಎರಡಕ್ಕೂ ಒಪ್ಪುವಂತೆ ಜೋಡಿಗಳನ್ನು ಆರಿಸಬೇಕು. ಭಾವ ಇದನ್ನು ಅಕ್ಕನಿಗೆ ಅಡುಗೆಮನೆಯ ಭಾಷೆಯಲ್ಲಿ ಹೇಳಿಕೊಟ್ಟರು.

"ಒಂದು ಬಿಂದಿಗೆ ನೀರನ್ನ ಒಂದೇ ಸಲ ಹೊತ್ಕೊಂಡ್ ಬರ್ಬೋದು. ಇಲ್ಲಾ, ಚೊಂಬಲ್ಲಿ ಸ್ವಲ್ಪ ಸ್ವಲ್ಪಾನೇ ತರ್ಬೋದು. ಚೊಂಬು ಹಗುರ, ಆದ್ರೆ ಓಡಾಟ ಜಾಸ್ತಿ. ನಿಂಗೆ ಯಾವ್ದು ಅನುಕೂಲ?"

"ನಲ್ಲಿ ಹಾಕ್ಸಿ" ಎಂದಳು ಅಕ್ಕ.

ಭಾವ ನಗಲಿಲ್ಲ. ಮುಂದೆ ನಲವತ್ತೆರಡು ಹಲ್ಲಿದ್ದದ್ದನ್ನು ಬಿಚ್ಚಿ ಮೂವತ್ತಾರು ಹಲ್ಲಿನದನ್ನು ಹಾಕಿ, ಹಿಂದೆ ಎಲ್ಲಕ್ಕಿಂತ ಹಗುರದ ಗೇರಿನಲ್ಲೇ ಇಟ್ಟು, ಸಮರಸ್ತೆಯಲ್ಲಿ ನೋಡೋಣವೆಂದು ಗುಬ್ಬಿಯ ಕಡೆ ಹೊರಟರು. ಭಾವ ಆರಡಿಯ ಆಳು. ಸೈಕಲ್ಲು ಅಕ್ಕನ ಅಳತೆಯದು. ಮಂಡಿಗಳೆರಡೂ ಕಿವಿಯ ಹತ್ತಿರಕ್ಕೆ ಬಂದು ಹೋಗುವಂತೆ, ಗಿರಗಿರನೆ ತುಳಿಯುತ್ತಾ, ಬೆವರಿನಲ್ಲಿ ತೊಯ್ದು, ಆಮೆಯ ವೇಗದಲ್ಲಿ ಹೋಗುತ್ತಿದ್ದರು. ಹಿಂದಿನಿಂದ ಸಾಮಾನ್ಯ ಸೈಕಲ್ಲಿನಲ್ಲಿ ಹುಲ್ಲಿನ ಹೊರೆ ಹೇರಿಕೊಂಡು ಬಂದವನೊಬ್ಬ ಇವರ ಪಕ್ಕಕ್ಕೆ ಬಂದ. ಸ್ವಲ್ಪ ದೂರ ಜೊತೆಯಲ್ಲೇ ಬಂದು ಕನಿಕರದಿಂದ ನೋಡಿದ.

"ಏನ್ ಸಾ, ಚೈನ್ ಕಳಚ್ಕಂಡದಾ? ಆಗ್ಲಿಂದ ಸುಮ್ಕೆ ತುಳೀತಾನೇ ಇದೀರಿ" ಎಂದು ಹೇಳಿ ಮುಂದೆ ಹೋಗಿಬಿಟ್ಟ.

ಮುಂದಿನ ಸಲ ಹಳೆಯ ನಲವತ್ತೆರಡನ್ನೇ ಹಾಕಿಕೊಂಡು ಹುತ್ರಿದುರ್ಗಕ್ಕೆ ಹೋದರು. ಏರಿನಲ್ಲಿ ಸೈಕಲ್ ನಿಂತೇಬಿಟ್ಟಿತು. ಆಟದ ಮರ್ಯಾದೆ ಉಳಿಸಬೇಕಲ್ಲ, ಭಾವ ಇಳಿದು ಅದನ್ನು ಹೆಗಲ ಮೇಲೆ ಹೊತ್ತು ನಡೆದರು. ದಾರಿಯ ಪಕ್ಕದಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬಳು ಕುಡುಗೋಲು ನಿಲ್ಲಿಸಿ ಕೇಳಿದಳು.

"ಯಾಕಪ್ಪಾ, ಪಂಚರ್ ಆಯ್ತಾ?"

"ಇಲ್ಲ ಅಜ್ಜಿ, ಇದು ಹೊತ್ಕೊಂಡ್ ಹೋಗೋ ಸೈಕಲ್ಲೇ."

"ಸರಿ ಬುಡು. ನಮ್ಮನೇಲೂ ಅಂಥದ್ದೇ ಒಂದ್ ಎತ್ತೈತೆ. ಮೇವು ಹಾಕ್ತೀವಿ, ಮೈ ತೊಳೀತೀವಿ. ಗೇಯೋದ್ ಮಾತ್ರ ನಾವೇಯ."

ಇವನ್ನೆಲ್ಲ ಮನೆಗೆ ಬಂದು ನಮಗೆ ಹೇಳುತ್ತಿದ್ದವರು ಭಾವನೇ. ಅವರಿಗೆ ಇದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ. ತಾವು ಇಳಿದದ್ದು ಅವರಿಗೆ ದೊಡ್ಡ ವಿಷಯವಲ್ಲ, ಅಕ್ಕ ಇಳಿಯಬಾರದು ಅಷ್ಟೆ. "ಭಾವ, ಏರಲ್ಲಿ ಸ್ವಲ್ಪ ಇಳಿದು ನಡೆದ್ರೆ ಏನಾಗುತ್ತೆ?" ಎಂದು ನಾನೊಮ್ಮೆ ಕೇಳಿದೆ. ಅವರು ಚೈನಿಗೆ ಎಣ್ಣೆ ಬಿಡುತ್ತಾ ತಲೆಯೆತ್ತದೆ ಹೇಳಿದರು. "ಬೇಡ ಕಣೋ. ಆ ಏರಲ್ಲಿ ಅವ್ಳು ಒಂದ್ ಕಡೇನೂ ಕಾಲು ಕೆಳಗಿಡಬಾರ್ದು. ಚಿಕ್ಕೋಳಿದ್ದಾಗ ಬಸ್ಸಲ್ಲಿ ಕೂರಿಸಿದ್ರಲ್ಲ ಅವ್ಳನ್ನ."

ಎಲ್ಲಕ್ಕಿಂತ ದೊಡ್ಡ ಪ್ರಸಂಗ ರಾಗಿ ಚೀಲದ್ದು. ಭಾವ ಸಣಕಲು, ಅಕ್ಕ ಸ್ವಲ್ಪ ಮೈ ಕೈ ತುಂಬಿಕೊಂಡವಳು. ತಮಗೆ ಹಗುರವಾದ ಗೇರು ಅವಳಿಗೆ ಹಗುರವಾಗಬೇಕೆಂದೇನಿದೆ? ಇಬ್ಬರ ತೂಕಕ್ಕೂ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ರಾಗಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಚೀಲಕ್ಕೆ ತುಂಬಿ, ಬೆನ್ನಿಗೆ ಕಟ್ಟಿಕೊಂಡು ಬೀದಿಯಲ್ಲೆಲ್ಲಾ ಸೈಕಲ್ ತುಳಿದರು. ಕೇಳಿದವರಿಂದ ವಿಷಯ ಮುಚ್ಚಿಟ್ಟರೇ? ಎಲ್ಲಿಯ ಮಾತು! ಪ್ರತಿಯೊಬ್ಬರಿಗೂ ನಿಂತು, ಲೆಕ್ಕ ಸಮೇತ ವಿವರಿಸಿದರು. ಸಂಜೆ ಹಾಲು ತರಲು ಹೋದ ಅಕ್ಕನನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡಿ, "ಅಷ್ಟೇನೂ ಕಾಣಲ್ಲ ಬಿಡಿ ಅಕ್ಕಾ" ಎಂದನಂತೆ. ಆವತ್ತು ರಾತ್ರಿ ಅವರ ಮನೆಯಲ್ಲಿ ಆ ರಾಗಿಯದ್ದೇ ಮುದ್ದೆ.

ಇಷ್ಟು ಹೊತ್ತಿಗೆ ಅಕ್ಕನ ಬಲ ಮಂಡಿಯಲ್ಲಿ ನೋವು ಶುರುವಾಗಿತ್ತು. ಕೂತರೆ ಏಳಲು ಗೋಡೆ ಬೇಕು. "ಯಾವಾಗ್ರೀ ಹೋಗೋದು?" ಎಂದು ಅವಳು ಕೇಳುವುದು, "ಇನ್ನೊಂದ್ ವಾರ ಕಣೇ, ಇನ್ನೂ ಒಂಚೂರು ಹಗುರ ಮಾಡ್ತೀನಿ" ಎಂದು ಇವರು ಹೇಳುವುದು, ಇದೇ ಆಯಿತು. ಹಿಂದೆ ಹಲ್ಲು ಹೆಚ್ಚು ಮಾಡಿದರೆ, ಚೈನನ್ನು ಅತ್ತಿಂದಿತ್ತ ದಾಟಿಸುವ ಕೊಕ್ಕೆ ಸಾಲದು. ಕೊಕ್ಕೆ ಬದಲಿಸಿದರೆ ಚೈನು ಗಿಡ್ಡ. ಹೊಸ ಚೈನು ಬರುವಷ್ಟರಲ್ಲಿ ಮಳೆಗಾಲ. ಮಳೆ ನಿಲ್ಲುವಷ್ಟರಲ್ಲಿ ಮಂಡಿ ಇನ್ನಷ್ಟು ಊದಿಕೊಂಡಿರುತ್ತಿತ್ತು, ಅದಕ್ಕೆ ಇನ್ನೂ ಹಗುರದ ಗೇರು ಬೇಕಾಗುತ್ತಿತ್ತು. ನಾವೆಲ್ಲ ಇದನ್ನು ಹೇಳಿಕೊಂಡು ನಗುತ್ತಿದ್ದೆವು. ಮಂಡಿಗೂ ಗೇರಿಗೂ ಓಟದ ಪಂದ್ಯ ನಡೆಯುತ್ತಿದೆಯೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಪಂದ್ಯದಲ್ಲಿ ಗೆದ್ದದ್ದು ಮಂಡಿ.

ಕೊನೆಗೆ ಆಪರೇಷನ್ ಆಯಿತು. ನೋವೇನೋ ಹೋಯಿತು, ಆದರೆ ಮಂಡಿ ಮೊದಲಿನಂತೆ ಮಡಿಸಲು ಬರಲಿಲ್ಲ. ಇಷ್ಟೇ ಮಡಚುವುದು, ಇನ್ನು ಇದಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಕ್ಕ ಆಸ್ಪತ್ರೆಯಲ್ಲಿದ್ದಾಗಲೇ ಭಾವ ಗೇರಿನ ಕೆಲಸ ಮುಗಿಸಿಬಿಟ್ಟಿದ್ದರು. ಮುಂದಿನದಕ್ಕಿಂತ ಹಿಂದಿನದರಲ್ಲೇ ಹೆಚ್ಚು ಹಲ್ಲು. ಒಂದು ಬೆರಳಿನಿಂದ ಒತ್ತಿದರೆ ಪೆಡಲು ತಿರುಗುತ್ತಿತ್ತು. ಅಕ್ಕ ಕೋಲಿಲ್ಲದೆ ನಡೆಯುವಂತಾದ ಮೇಲೆ ಒಂದು ಬೆಳಿಗ್ಗೆ ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಆಗ ನಾನೂ ಅಲ್ಲಿದ್ದೆ.

"ಹತ್ತು ಕಣೇ. ಇನ್ನು ದುರ್ಗವೇನು, ಗೋಡೇನೂ ಹತ್ಬೋದು."

ಅವರು ಹ್ಯಾಂಡಲ್ ಹಿಡಿದರು, ನಾನು ಸೀಟು ಹಿಡಿದೆ. ಅಕ್ಕ ಹತ್ತಿ ಕೂತಳು. ಕೂತ ಕೂಡಲೇ ಅವಳ ಮುಖದಲ್ಲಿ ಗುಬ್ಬಿಯ ಸ್ಕೂಲು ಹುಡುಗಿ ಬಂದು ಹೋದಳು. ಎಡಗಾಲಿನಲ್ಲಿ ಒತ್ತಿದಳು. ಬಲಗಡೆಯ ಪೆಡಲು ಮೇಲಕ್ಕೆ ಬಂತು, ಇನ್ನೂ ಸ್ವಲ್ಪ ಬಂತು, ಅಲ್ಲಿಗೆ ನಿಂತಿತು. ಮೇಲಿನ ತುದಿ ದಾಟಿಸುವಷ್ಟು ಮಂಡಿ ಮಡಚಿಕೊಳ್ಳಲಿಲ್ಲ. ಇನ್ನೊಮ್ಮೆ ಒತ್ತಿದಳು. ಮತ್ತೆ ಅಲ್ಲಿಗೇ ನಿಂತಿತು.

ಭಾವ ಬಗ್ಗಿ ಚೈನು ನೋಡಿದರು. "ಮುಂದೆ ಇನ್ನೊಂದೆರಡು ಹಲ್ಲು ಕಡಿಮೆ ಮಾಡಿದ್ರೆ..." ಎಂದು ಶುರುಮಾಡಿದವರು ಮಾತನ್ನು ಅಲ್ಲಿಗೇ ಬಿಟ್ಟರು. ಪೂರ್ತಿ ಸುತ್ತು ಬರದ ಕಾಲಿಗೆ ಯಾವ ಗೇರು ಹಾಕಿದರೇನು?

ಅಕ್ಕ ನನ್ನ ಹೆಗಲು ಹಿಡಿದು ಕೆಳಗಿಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಆ ವರ್ಷಾನೇ ಹೋಗ್ಬಿಡ್ಬೇಕಾಗಿತ್ತು ಕಣ್ರೀ. ತುಳಿಯೋಕಾಗ್ದಿರೋ ಕಡೆ ಇಳ್ದು ತಳ್ಕೊಂಡ್ ಬರ್ತಿದ್ದೆ. ಇದು ಇಳ್ದು ತಳ್ಕೊಂಡ್ ಹೋಗೋ ಸೈಕಲ್ಲು ಅಂತ ನೀವೇ ಅಲ್ವಾ ಹೇಳಿದ್ದು?"

ಭಾವ ಮೆಟ್ಟಿಲ ಮೇಲೆ ಕೂತು ಬೆರಳಿನ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಇದ್ದರು. ಅವರನ್ನು ಅಷ್ಟು ಸಣ್ಣಗೆ ನಾನು ಎಂದೂ ನೋಡಿರಲಿಲ್ಲ. ನನಗೆ ಅವರ ಮೇಲೆ ಕೋಪ ಬರಬೇಕಾಗಿತ್ತು, ಅವಳು ನನ್ನ ಅಕ್ಕ. ಆದರೆ ಬರಲಿಲ್ಲ. ಅವಳ ಕುರ್ಚಿ ಅಲ್ಲಾಡಬಾರದೆಂದು ಎದ್ದು ಬಂದವರು ಅವರೇ ತಾನೇ? ಅಲ್ಲಾಡುವ ಕುರ್ಚಿಯಲ್ಲೂ ಅವಳು ಸಂತೋಷವಾಗಿ ಕೂರುತ್ತಿದ್ದಳೆಂದು ಅವರಿಗೆ ಯಾರು ಹೇಳಬೇಕಾಗಿತ್ತು? ಬಹುಶಃ ನಾವೇ ಯಾರಾದರೂ ಹೇಳಬಹುದಾಗಿತ್ತು.

ಕಾರು ಮಾಡಿಕೊಂಡು ದುರ್ಗಕ್ಕೆ ಹೋಗಿ ಬರೋಣವೆಂದು ನಾನು ಆಮೇಲೊಮ್ಮೆ ಕರೆದೆ. "ಕಿಟಕಿ ಪಕ್ಕ ಕೂತ್ಕೊಂಡು ಬೇಕಾದಷ್ಟು ಸಲ ಹೋಗಿದೀನಿ, ಬಿಡೋ" ಎಂದಳು ಅಕ್ಕ.

ಈಗ ಸಂಜೆ ಹೊತ್ತು ಅಮಾನಿಕೆರೆಯ ಕಡೆ ಹೋದರೆ ನಿಮಗೂ ಅವರು ಕಾಣಬಹುದು. ಎತ್ತರದ ಗಂಡಸೊಬ್ಬರು ಪುಟ್ಟ ಸೈಕಲ್ಲಿನ ಹ್ಯಾಂಡಲ್ ಹಿಡಿದು ತಳ್ಳಿಕೊಂಡು ಬರುತ್ತಿರುತ್ತಾರೆ. ಪಕ್ಕದಲ್ಲಿ ಹೆಂಗಸೊಬ್ಬಳು ಸೀಟಿನ ಮೇಲೆ ಕೈ ಊರಿ, ಅದರ ಆಸರೆಯಲ್ಲಿ ನಿಧಾನವಾಗಿ ನಡೆಯುತ್ತಿರುತ್ತಾಳೆ. ಅವಳು ನಿಂತರೆ ಅವರೂ ನಿಲ್ಲುತ್ತಾರೆ. ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಭಾವನನ್ನು ಮಾತಿಗೆಳೆಯೋಣವೆಂದು ಅವರಿಗೆ ಇಷ್ಟವಾದ ವಿಷಯವನ್ನೇ ತೆಗೆದೆ.

"ಭಾವ, ಈಗ ಯಾವ ಗೇರಲ್ಲಿ ಇಟ್ಟಿದ್ದೀರಿ?"

ಅವರು ಚೈನಿನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಅಕ್ಕನ ಹೆಜ್ಜೆಯ ಮೇಲಿತ್ತು.

"ಗೊತ್ತಿಲ್ಲ ಕಣೋ" ಎಂದರು.