ಅತ್ತೆ ಬರುವ ಮುಂಚೆ ತೆರೆದ ಅಡ್ಡದಾರಿ

ವಿಮಾ ಕಂಪನಿಯ ಲೆಕ್ಕಿಗನಿಗೆ ಹಾವು, ಹಲ್ಲಿ, ಕತ್ತಲೆ ಯಾವುದರ ಭಯವೂ ಇರಲಿಲ್ಲ. ಭಯವೆಲ್ಲ ಮೇಲಧಿಕಾರಿಗೂ ಅತ್ತೆಗೂ ಮೀಸಲು. ಮುಂದಿನ ವಾರ ಅತ್ತೆ ಬರುವವರಿದ್ದರು, ಅದೂ ಬೇಸಿಗೆ ಕಳೆಯುವ ತನಕ ಇರಲು. ಅವನು ಹೆಂಡತಿಯ ಮುಂದೆ ಮುಖ ಸಣ್ಣಗೆ ಮಾಡಿಕೊಂಡು, "ಏನ್ ಮಾಡ್ಲಿ, ಆಫೀಸಿನವರು ಟ್ರೈನಿಂಗ್‌ಗೆ ಕಳಿಸ್ತಿದಾರೆ" ಎಂದ. ಸಾಹೇಬರ ಮುಂದೆ ಮುಖವನ್ನು ಇನ್ನೂ ಸಣ್ಣಗೆ ಮಾಡಿ, "ಅತ್ತೆ ಇವತ್ತೋ ನಾಳೆಯೋ ಅನ್ನೋ ಹಾಗಿದಾರೆ ಸಾರ್" ಎಂದು ರಜೆ ಗಿಟ್ಟಿಸಿದ. ಟ್ರೈನಿಂಗೂ ಇಲ್ಲ, ಮಣ್ಣೂ ಇಲ್ಲ. ಅತ್ತೆಯೋ, ಗುಂಡುಕಲ್ಲಿನ ಹಾಗಿದ್ದರು.

ಮನೆಯ ಕಂಪ್ಯೂಟರಿನಲ್ಲಿ ಆಫೀಸಿನ ಕೆಲಸ ಮಾಡುತ್ತಲೇ ಅವನು ಸರೋವರದ ದಂಡೆಯ ವಿಶ್ರಾಂತಿಗೃಹವೊಂದನ್ನು ಹುಡುಕಿಟ್ಟಿದ್ದ. (ಫೋನಿನಲ್ಲಿ ನೋಡಬಹುದಿತ್ತು, ಅಷ್ಟು ಸಣ್ಣ ಅಕ್ಷರಕ್ಕೆ ಕನ್ನಡಕ ಒಪ್ಪಲಿಲ್ಲ.) ಅಲ್ಲಿ ಗಾಳ ಹಾಕಿಕೊಂಡು ಒಬ್ಬನೇ ಕೂರುವುದೆಂದು ಮಹಾಸಂಕಲ್ಪ. ಆಗ ಸಹೋದ್ಯೋಗಿ ಫೋನ್ ಮಾಡಿದ, ಲೆಕ್ಕಿಗ ಅವನಿಗೆ ಗುಟ್ಟು ಬಿಟ್ಟುಕೊಟ್ಟ.

"ಅಲ್ಲಯ್ಯಾ, ಆಫೀಸಿನ ವಿಪಿಎನ್ ಹಾಕ್ಕೊಂಡೇ ಇದನ್ನೆಲ್ಲ ನೋಡ್ತಿದೀಯಾ? ಅದು ನಿನ್ನ ಮನೆಯಿಂದ ಆಫೀಸಿಗೆ ತೋಡಿರೋ ಸುರಂಗ. ನೀನು ಏನು ತೆರೆದ್ರೂ ಅದರೊಳಗೇ ಹೋಗುತ್ತೆ. ಯಾವ ಸೈಟು ಅಂತ ಅವರಿಗೆ ಗೊತ್ತಾಗುತ್ತೆ."

ಲೆಕ್ಕಿಗ ಆ ಪುಟವನ್ನು ತಟ್ಟನೆ ಮುಚ್ಚಿದ. ಸಾಯುತ್ತಿರುವ ಅತ್ತೆಯ ಅಳಿಯ ಗಾಳದ ಬಾಡಿಗೆ ವಿಚಾರಿಸುತ್ತಿದ್ದಾನೆಂದು ಸಾಹೇಬರಿಗೆ ತಿಳಿದರೆ ನೌಕರಿ ಗೋವಿಂದ. ಹೊರಗೆ ಬಾಗಿಲು ಬಡಿದರೂ ಆಫೀಸಿನವರೇ ಬಂದರೆಂದು ಬೆಚ್ಚಿದ. ಬಂದದ್ದು ಹಾಲಿನವನು.

"ಯಾಕ್ರೀ ಹೀಗೆ ಬೆವರ್ತಿದೀರಾ?" ಎಂದಳು ಹೆಂಡತಿ.

"ಲೆಕ್ಕ ಕೂಡ್ತಾ ಇಲ್ಲ."

ಉಪಾಯವನ್ನೂ ಸಹೋದ್ಯೋಗಿಯೇ ಹೇಳಿಕೊಟ್ಟ. ಅದರ ಹೆಸರು ಸ್ಪ್ಲಿಟ್ ಟನೆಲಿಂಗ್. ಆಫೀಸಿನ ಕೆಲಸ ಮಾತ್ರ ಸುರಂಗದಲ್ಲಿ ಹೋಗುತ್ತದೆ, ಬ್ರೌಸರು ಮನೆಯ ಇಂಟರ್ನೆಟ್ಟಿನ ದಾರಿ ಹಿಡಿಯುತ್ತದೆ. ಲೆಕ್ಕಿಗ ಸೆಟ್ಟಿಂಗ್ ಬದಲಾಯಿಸಿ, ಸರಿಯಾಗಿದೆಯೇ ಎಂದು ಮತ್ತೆ ಮತ್ತೆ ನೋಡಿ, ಕೊನೆಗೆ ಒಬ್ಬರ ಕೋಣೆಯನ್ನು ಕಾಯ್ದಿರಿಸಿದ. ಈವರೆಗೆ ನೋಡಿದ್ದರ ಬಗ್ಗೆ ಆಫೀಸಿನವರು ಕೇಳದಿದ್ದರೆ ಸಾಕಿತ್ತು, ಇನ್ನು ಹೊಸದೇನೂ ಅವರ ಕಣ್ಣಿಗೆ ಬೀಳುವುದಿಲ್ಲ. ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದ.

ಪುಣ್ಯಾತ್ಮ ಒಂದನ್ನು ಮರೆತಿದ್ದ. ಮಗಳು ಆಟದ ಸೈಟುಗಳಲ್ಲಿ ಮುಳುಗುತ್ತಾಳೆಂದು ಮನೆಯ ಇಂಟರ್ನೆಟ್ ಡಬ್ಬಿಗೆ ಕಾವಲು ಹಾಕಿಸಿದವನು ಅವನೇ. ಯಾರು ಯಾವ ಸೈಟಿಗೆ ಹೋದರೆಂದು ಅದು ಸಂಜೆ ಹೆಂಡತಿಯ ಫೋನಿಗೆ ವರದಿ ಒಪ್ಪಿಸುತ್ತಿತ್ತು.

"ಇಷ್ಟು ದಿನ ನಿಮ್ಮ ಕಂಪ್ಯೂಟರ್ ಹೆಸರಿನ ಮುಂದೆ ಬರೀ ಆಫೀಸು ಅಂತ ಬರ್ತಿತ್ತು. ನೀವು ಫೋನಲ್ಲಿ ಹೇಳ್ತಿದ್ರಲ್ಲ, ಆ ಸುರಂಗದೊಳಗಿನದು ಅದಕ್ಕೆ ಕಾಣ್ತಿರಲಿಲ್ವೇನೋ" ಎಂದಳು ಹೆಂಡತಿ, ರಾತ್ರಿ ಬಟ್ಟೆ ಮಡಿಸುತ್ತ. "ಇವತ್ತು ಯಾವುದೋ ಮೀನು ಹಿಡಿಯೋ ವಿಶ್ರಾಂತಿಗೃಹ ಅಂತ ಬಂದಿದೆ. ಟ್ರೈನಿಂಗು ಅಲ್ಲೇನಾ?"

ಅವಳು ರೇಗಲಿಲ್ಲ. ಅದನ್ನು ನೋಡಿಯೇ ಅವನಿಗೆ ಹೆಚ್ಚು ಭಯವಾಯಿತು.

"ಅದು... ನಿಮಗೆಲ್ಲ ತೋರಿಸೋಣ ಅಂತ..."

"ನಾನೂ ಹಾಗೇ ಅಂದ್ಕೊಂಡೆ. ಅಲ್ಲಿಗೆ ಫೋನ್ ಮಾಡಿ ಒಬ್ಬರ ಕೋಣೆ ತೆಗೆಸಿ ದೊಡ್ಡದು ಹಾಕಿಸ್ದೆ. ಅಮ್ಮನೂ ಬರ್ತಾಳೆ. ಗಾಳ ಹಾಕೋದನ್ನ ನೀವೇ ಹೇಳಿಕೊಡ್ಬೇಕಂತೆ."

ಹೋಗಲಿ, ನೌಕರಿಯಾದರೂ ಉಳಿಯಿತಲ್ಲ ಎಂದು ಲೆಕ್ಕಿಗ ಗೋಡೆಗೆ ಒರಗಿದ.

"ಅಮ್ಮಂಗೆ ಎಷ್ಟು ಖುಷಿ ಗೊತ್ತಾ? ಇಂಥ ಅಳಿಯನಿಗೆ ರಜೆ ಕೊಟ್ಟೋರಿಗೆ ಒಂದು ಮಾತು ಹೇಳ್ಬೇಕು ಅಂದ್ಳು. ತುರ್ತಿಗೆ ಬೇಕಾಗುತ್ತೆ ಅಂತ ನೀವು ಫ್ರಿಜ್ಜಿಗೆ ಅಂಟಿಸಿದ್ರಲ್ಲ ನಂಬರು, ಅದನ್ನ ಕೊಟ್ಟೆ. ಸಾಹೇಬರ ಹತ್ರ ಅವಳೇ ಮಾತಾಡಿದ್ಲು."

"ಸಾ... ಸಾಹೇಬರು ಏನಂದ್ರಂತೆ?"

"ನಿಜವಾಗ್ಲೂ ಅವರ ಅತ್ತೇನೇನಾ ಮಾತಾಡ್ತಿರೋದು ಅಂತ ಕೇಳಿದ್ರಂತೆ. ಆಮೇಲೆ ಪಾಪ, ಆರೋಗ್ಯ ಹೇಗಿದೆ ಅಂತ ಎರಡೆರಡು ಸಲ ವಿಚಾರಿಸಿದ್ರಂತೆ."

ಕೋಣೆಯೊಳಗೆ ಕಂಪ್ಯೂಟರು ಟಿಣ್ ಎಂದಿತು. ಆಫೀಸಿನ ಸುರಂಗದಲ್ಲೇ ಬಂದ ಸಂದೇಶ: "ಅತ್ತೆಯವರು ಚೇತರಿಸಿಕೊಂಡದ್ದು ಸಂತೋಷ. ನಾಳೆ ಬೆಳಿಗ್ಗೆ ನನ್ನನ್ನು ಬಂದು ಕಾಣಿ."