ಲೆನ್ಸಿನ ಪಾಲಿನ ಬಿಸಿ

ಅಕ್ಕ ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡಲಿಲ್ಲ. ಕಷ್ಟವಿತ್ತೇ ಎಂದರೆ, ಇರಲಿಲ್ಲ. ಮರೆತೆನೇ ಎಂದರೆ, ಅದೂ ಅಲ್ಲ. ಅಲ್ಲಾಡಿಸಿದರೆ ಬಿಸಿಯಾಗುವ ಎರಡು ಪೊಟ್ಟಣಗಳನ್ನು ಕ್ಯಾಮೆರಾದ ಲೆನ್ಸಿಗೆ ಒತ್ತಿ, ಮೇಲೆ ಉಣ್ಣೆಯ ಕಾಲುಚೀಲ ಸುತ್ತಬೇಕಿತ್ತು, ಅಷ್ಟೆ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಗಣಿತದ ಹತ್ತಿರ ಎಡವಿದವನಿಗೂ ಅರ್ಥವಾಗುವ ಕೆಲಸ. ಕಡಿಮೆ ಓದಿದವರಿಗೆ ಒಂದು ಅನುಕೂಲವಿದೆ. ಏನಾದರೂ ಕೆಟ್ಟರೆ ‘ಪಾಪ, ಅವನಿಗೆ ಗೊತ್ತಾಗಲಿಲ್ಲ’ ಎಂದು ಜನ ತಾವಾಗಿಯೇ ಕ್ಷಮಿಸಿಬಿಡುತ್ತಾರೆ. ಈ ಸಲ ನನಗೆ ಚೆನ್ನಾಗಿ ಗೊತ್ತಿತ್ತು. ತೊಂದರೆ ಇರುವುದೇ ಅಲ್ಲಿ.

ನಾನು ಸಿಯಾಟಲ್ ಪಕ್ಕದ ಬಾಥೆಲ್ ಹತ್ತಿರ ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸುವವನು. ಅಕ್ಕ ಅಲ್ಲೇ ಬೆಲ್ವ್ಯೂನ ಗಾಜಿನ ಕಟ್ಟಡವೊಂದರಲ್ಲಿ ಇಂಜಿನಿಯರ್. ನನ್ನ ತಲೆಯ ಮೇಲೆ ಕೂದಲು ಉಳಿಯದಿದ್ದರೂ ಅವಳ ಬಾಯಲ್ಲಿ ನಾನಿನ್ನೂ ಪುಟ್ಟ. ಅವಳಿಗಿರುವ ಹುಚ್ಚು ಒಂದೇ, ಉತ್ತರದ ಆಕಾಶದಲ್ಲಿ ಕುಣಿಯುತ್ತದಂತಲ್ಲ, ಆ ಹಸಿರು ಬೆಳಕಿನ ಫೋಟೋ ತೆಗೆಯುವುದು. ಹಿಂದೆ ಹೋದಾಗಲೆಲ್ಲ ಮೋಡದ ಫೋಟೋ ತೆಗೆದುಕೊಂಡು ಬಂದಿದ್ದಳು. ಮೋಡ ಸಿಯಾಟಲ್‌ನಲ್ಲೇ ಬೇಕಾದಷ್ಟಿದೆಯಲ್ಲ, ಅದಕ್ಕೆ ಅಷ್ಟು ದೂರ ಹೋಗಬೇಕಿತ್ತೇ ಎಂದು ನಾನು ಕೇಳಿದ್ದಕ್ಕೇ ಇರಬೇಕು, ಈ ಶರತ್ಕಾಲದಲ್ಲಿ ನನ್ನನ್ನೂ ಹೊರಡಿಸಿದಳು. “ಇದೇ ಲಾಸ್ಟ್ ಟ್ರೈ ಕಣೋ. ಈ ಸಲನೂ ಸಿಗ್ಲಿಲ್ಲ ಅಂದ್ರೆ ಕ್ಯಾಮೆರಾ ಮಾರ್ಬಿಟ್ಟು ಎಲ್ಲರ ಥರ ಯೋಗ ಕ್ಲಾಸ್‌ಗೆ ಸೇರ್ಕೋತೀನಿ” ಎಂದಳು. ತಮಾಷೆಗೆ ಹೇಳುತ್ತಿದ್ದಾಳೆ ಎಂದುಕೊಂಡು ನಾನು ನಕ್ಕೆ. ಅವಳು ನಗಲಿಲ್ಲ.

ಇನ್ನು ನನ್ನ ಹುಚ್ಚು. ಊಟದ ಕೊನೆಗೆ ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಇಲ್ಲದಿದ್ದರೆ, ಊಟದ ಮಧ್ಯೆ ಯಾರೋ ಎಬ್ಬಿಸಿ ಕಳಿಸಿದಂತಾಗುತ್ತದೆ. ಅಂಗಡಿಯ ಯೋಗರ್ಟ್ ಇದೆಯಲ್ಲ ಎನ್ನುತ್ತಾರೆ. ಅದು ಮೊಸರಿನ ಬಗ್ಗೆ ಯಾರಿಂದಲೋ ಕೇಳಿ ತಿಳಿದವರು ಮಾಡಿದ ಪದಾರ್ಥ. ಹಾಗಾಗಿ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪಿಗೆಂದು ಸ್ವಲ್ಪ ಮೊಸರು ತುಂಬಿ, ತೊಡೆಯ ಮೇಲಿಟ್ಟುಕೊಂಡೇ ಕಾರು ಹತ್ತಿದೆ. ಕೆನಡಾ ಗಡಿಯಲ್ಲಿ ಅಧಿಕಾರಿ ಡಬ್ಬಿಯ ಕಡೆ ಬೆರಳು ತೋರಿಸಿದ. ಅಕ್ಕ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಹೇಳಿದಳು. ಆತ ನನ್ನನ್ನು ಕರುಣೆಯಿಂದ ನೋಡಿ ಮುಂದೆ ಹೋಗಲು ಬಿಟ್ಟ.

“ಏನಂದೆ ಅವನಿಗೆ?”

“ಮೊಸರು ಅಂದೆ. ಅದಿಲ್ದೆ ನನ್ನ ತಮ್ಮ ನಿದ್ದೆ ಮಾಡಲ್ಲ, ರಾತ್ರಿ ಪೂರ್ತಿ ನಾನೇ ಅನುಭವಿಸ್ಬೇಕು ಅಂದೆ.”

ದಾರಿಯನ್ನು ಏನೆಂದು ವರ್ಣಿಸಲಿ. ದಿನಗಟ್ಟಲೆ ಕಾಡು. ಕಡುಹಸಿರು ಸೂಜಿಯೆಲೆ ಮರಗಳ ನಡುವೆ ಅಲ್ಲಲ್ಲಿ ಅರಿಸಿನ ಚೆಲ್ಲಿದಂತೆ ಹಳದಿ ಎಲೆಯ ಮರಗಳು. ಪೆಟ್ರೋಲ್ ಬಂಕ್ ಕಂಡರೆ ನೆಂಟರ ಮನೆ ಕಂಡಷ್ಟು ಸಂತೋಷ. ಒಮ್ಮೆ ರಸ್ತೆಯ ನಡುವೆ ಮೂಸ್ ಒಂದು ನಿಂತಿತ್ತು. ಕೋಣಕ್ಕೆ ಒಂಟೆಯ ಕಾಲು ಜೋಡಿಸಿದಂಥ ಆ ಪ್ರಾಣಿ ನಮ್ಮನ್ನು ನೋಡಿ, ‘ಇವರ‍್ಯಾಕೆ ಬಂದರು’ ಎಂಬಂತೆ ಮುಖ ತಿರುಗಿಸಿಕೊಂಡು ಹೋಯಿತು. ಕೊನೆಗೆ ಕೆನಡಾದ ಉತ್ತರ ಮೂಲೆಯ ಯೂಕಾನ್‌ನಲ್ಲಿ ಕೆರೆಯ ದಡದ ಒಂದು ಮರದ ಮನೆ ಸೇರಿದೆವು. ಅಲ್ಲಿ ಮೋಡ ನಮಗಿಂತ ಮೊದಲೇ ಬಂದು ಕೂತಿತ್ತು. ಅಕ್ಕ ರಾತ್ರಿಯೆಲ್ಲ ಆಕಾಶ ಕಾಯ್ದಳು. ನಾನು ಡಬ್ಬಿ ಕಾಯ್ದೆ. ಅವಳಿಗೆ ಬೆಳಕು ಸಿಗಲಿಲ್ಲ, ಆ ಚಳಿಯಲ್ಲಿ ನನಗೆ ಹಾಲು ಹೆಪ್ಪಾಗಲಿಲ್ಲ.

ವಾಪಸು ಹೊರಡುವ ಹಿಂದಿನ ರಾತ್ರಿ ಅಕ್ಕ ದಡದಲ್ಲಿ ಕ್ಯಾಮೆರಾ ನಿಲ್ಲಿಸಿ ಹೇಳಿದಳು: “ಪುಟ್ಟ, ಕೆರೆ ಮಂಜು ಲೆನ್ಸ್ ಮೇಲೆ ಕೂತ್ರೆ ಎಲ್ಲಾ ಹಾಳು. ಆ ಪೊಟ್ಟಣ ಕಟ್ಬಿಡು, ನಾನು ಕಾಫಿ ತರ್ತೀನಿ.” ನಾನು ಮೇಲೆ ನೋಡಿದೆ. ಆಕಾಶ ಮುಚ್ಚಿದ ಪಾತ್ರೆಯಂತಿತ್ತು. ಕೈಯಲ್ಲಿ ಪೊಟ್ಟಣಗಳು ಹದವಾಗಿ, ಥೇಟ್ ಹೆಪ್ಪು ಹಾಕುವ ಹಾಲಿನಷ್ಟು ಬೆಚ್ಚಗಿದ್ದವು. ಹೇಗೂ ಏನೂ ಕಾಣುವುದಿಲ್ಲ, ಬಿಸಿ ಯಾಕೆ ವ್ಯರ್ಥವಾಗಬೇಕು ಅನ್ನಿಸಿತು. ಲೆನ್ಸಿಗೆ ಕಾಲುಚೀಲವನ್ನು ಮಾತ್ರ ನೀಟಾಗಿ ಸುತ್ತಿದೆ. ಪೊಟ್ಟಣಗಳನ್ನು ಒಳಗೆ ಒಯ್ದು ಡಬ್ಬಿಗೆ ಕಟ್ಟಿ, ನನ್ನ ಮಫ್ಲರ್ ಹೊದಿಸಿದೆ.

ಆಮೇಲೆ ಆಕಾಶದ ಮುಚ್ಚಳ ಸರಿಯಿತು. ಮೊದಲು ದೋಸೆ ಹಂಚಿನಿಂದ ಏಳುವ ಹೊಗೆಯಂತೆ ಒಂದೆಳೆ. ಅದು ಹಸಿರಾಯಿತು, ಅಗಲವಾಯಿತು. ಯಾರೋ ಒದ್ದೆ ಸೀರೆಯನ್ನು ಕೊಡವಿ ಹರವಿದಂತೆ ಈ ಬೆಟ್ಟದಿಂದ ಆ ಬೆಟ್ಟದವರೆಗೆ ಹಾರಾಡಿತು. “ನೋಡೋ, ನೋಡೋ ಪುಟ್ಟ” ಎನ್ನುತ್ತ ಅಕ್ಕ ಒಂದು ಕೈಯಿಂದ ಬಟನ್ ಒತ್ತುತ್ತಿದ್ದಳು, ಇನ್ನೊಂದರಿಂದ ನನ್ನ ತೋಳು ಹಿಡಿದಿದ್ದಳು. ನಾನು ಬಾಯಿ ತೆರೆದು ನಿಂತಿದ್ದೆ. ಪೊಟ್ಟಣ ನೆನಪಾಗಲಿಲ್ಲವೆಂದು ಬರೆದರೆ ನೀವು ನಂಬಬಹುದು. ನೆನಪಾಯಿತು. ಆದರೆ ಈಗ ಹೇಳಿದರೆ ಹಿಡಿದ ತೋಳು ಬಿಟ್ಟುಬಿಡುತ್ತಾಳೆ ಎನ್ನಿಸಿ ಸುಮ್ಮನಿದ್ದೆ. ಕೊನೆಗೆ ಕಾಲುಚೀಲ ಬಿಚ್ಚಿಟ್ಟವನೂ ನಾನೇ.

ಬೆಳಿಗ್ಗೆ ಮೊಸರು ಚಮಚ ನೆಟ್ಟರೆ ನಿಲ್ಲುವಂತಾಗಿತ್ತು. “ಈ ಚಳೀಲಿ ಹೇಗೋ ಇಷ್ಟು ಗಟ್ಟಿಯಾಯ್ತು?” ಎಂದು ಅಕ್ಕ ಕೇಳಿದಳು. “ಕೈಗುಣ” ಎಂದೆ. ಎರಡು ಸಲ ಹಾಕಿಸಿಕೊಂಡು ತಿಂದು, ಲ್ಯಾಪ್‌ಟಾಪ್ ತೆರೆದಳು. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ಚೆನ್ನಾಗಿ ಕಂಡಿದ್ದ ಫೋಟೋಗಳೆಲ್ಲ ಬಚ್ಚಲುಮನೆಯ ಹಬೆಯಲ್ಲಿ ತೆಗೆದಂತಿದ್ದವು. ಅವಳು ಬಹಳ ಹೊತ್ತು ನೋಡಿ ಮುಚ್ಚಿಟ್ಟಳು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಅವಳಿಗೆ ಬಡಿಸಿದ್ದೇ ಬಡಿಸಿದ್ದು. ನಮ್ಮ ಮನೆಯಲ್ಲಿ ‘ತಪ್ಪಾಯಿತು’ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ಅಪ್ಪ ಬೈದ ದಿನ ಅಮ್ಮನ ತಟ್ಟೆಗೆ ತಾವೇ ತುಪ್ಪ ಹಾಕುತ್ತಿದ್ದರು, ಅಮ್ಮ ಹೊಡೆದ ದಿನ ನಮಗೆ ಇನ್ನೊಂದು ಹೋಳಿಗೆ ಬೀಳುತ್ತಿತ್ತು. ನಾನು ಈ ಮೈ ಬೆಳೆಸಿದ್ದು ಹಾಗೇ.

ಮುಂದಿನ ಭಾನುವಾರ ಮೊಸರು ತೆಗೆದುಕೊಂಡು ಬೆಲ್ವ್ಯೂಗೆ ಹೋದರೆ, ಊಟದ ಮೇಜಿನ ತುದಿಯಲ್ಲಿ ಕ್ಯಾಮೆರಾ ಅದರ ಪೆಟ್ಟಿಗೆಯಲ್ಲಿ ಪ್ಯಾಕ್ ಆಗಿ ಕೂತಿತ್ತು. “ಸಂಜೆ ಒಬ್ಬರು ಬಂದು ತಗೊಂಡ್ಹೋಗ್ತಾರೆ. ಕ್ಯಾಮೆರಾ ಸರಿಯಾಗಿದೆ, ನೀನೂ ಸರಿಯಾಗೇ ಕಟ್ಟಿದ್ದೆ. ನನ್ನ ಕಣ್ಣೇ ಮಂದ ಆಗಿರ್ಬೇಕು, ಫೋಕಸ್ ತಪ್ಪಿದೀನಿ” ಎಂದಳು ಅಕ್ಕ, ಅನ್ನಕ್ಕೆ ಮೊಸರು ಕಲಸುತ್ತ.

ಆ ‘ನೀನೂ ಸರಿಯಾಗೇ ಕಟ್ಟಿದ್ದೆ’ ನನ್ನನ್ನು ಕೊಂದಿತು. ನಾನು ಶುರು ಮಾಡಿದೆ. ಆ ಮನೆಯ ಹೀಟರ್ ಸರಿಯಿರಲಿಲ್ಲ, ಕೆನಡಾದ ಹಾಲಿನ ಗುಣವೇ ಬೇರೆ, ಆಕಾಶ ಮೊದಲೇ ಸೂಚನೆ ಕೊಡಬೇಕಿತ್ತು ಎಂದೆಲ್ಲ ಊರು ಸುತ್ತಿ ಡಬ್ಬಿಯ ಹತ್ತಿರ ಬಂದೆ. ಅಕ್ಕನ ಕೈ ನಿಂತಿತು.

“ಎರಡೂ ಪೊಟ್ಟಣ ಮೊಸರಿಗಾ?”

“ಎರಡೂ.”

ತಟ್ಟೆ ನೋಡಿದಳು. “ಇದು ಅದೇ ಹೆಪ್ಪಾ?”

“ಅದರದ್ದೇ.”

“ಹಂಗಾದ್ರೆ ಫೋಕಸ್ ಸರಿ ಇತ್ತು.”

“ಎಲ್ಲಾ ಸರಿ ಇತ್ತಕ್ಕ.”

ಅವಳು ಎದ್ದುಹೋಗಿ ಎಡಗೈಯಲ್ಲಿ ಫೋನ್ ಎತ್ತಿಕೊಂಡು, ಕ್ಯಾಮೆರಾ ಕೊಡುವುದಿಲ್ಲ, ಬರುವುದು ಬೇಡ ಎಂದು ಸಂಜೆ ಬರಬೇಕಿದ್ದವರಿಗೆ ಹೇಳಿದಳು. ಮತ್ತೆ ಬಂದು ಕೂತು ನನ್ನನ್ನೇ ನೋಡಿದಳು. ನಾನು ಅಭ್ಯಾಸಬಲದಿಂದ ಸೌಟಿನ ತುಂಬ ಮೊಸರು ಎತ್ತಿ ಅವಳ ತಟ್ಟೆಯ ಕಡೆ ಚಾಚಿದೆ. ಅಕ್ಕ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದಳು.

“ಬಡಿಸ್ಬೇಡ ಪುಟ್ಟ. ಬಾಯಲ್ಲಿ ಹೇಳು.”

ಸೌಟು ಗಾಳಿಯಲ್ಲೇ ನಿಂತಿತ್ತು. ಮೊಸರು ಮಾತ್ರ ಎಷ್ಟು ಗಟ್ಟಿಯೆಂದರೆ, ಸೌಟು ವಾಲಿದ್ದರೂ ಒಂದು ತೊಟ್ಟು ಕೆಳಗೆ ಬೀಳಲಿಲ್ಲ.

“ತಪ್ಪಾಯ್ತಕ್ಕ” ಎಂದೆ.