ಒರಳಿಗೊಂದು ಒಳ್ಳೆಯ ಜಾಗ

ಮನೆಯಲ್ಲಿ ಬೇಡವಾದ ಸಾಮಾನನ್ನು ಹೊರಗೆ ಹಾಕುವುದು ದೊಡ್ಡ ಕೆಲಸವಲ್ಲ. ಹಾಕಿದ ಮೇಲೂ ಒಳ್ಳೆಯ ಮಗ ಅನ್ನಿಸಿಕೊಳ್ಳಬೇಕೆಂದರೆ ಮಾತ್ರ ಬುದ್ಧಿ ಖರ್ಚಾಗುತ್ತದೆ. ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಅಂಗಳದಲ್ಲಿ ಅವ್ವನ ಒರಳುಕಲ್ಲು ಕೂತಿದೆ. ಅವಳು ಮದುವೆಯಾದ ಹೊಸದರಲ್ಲಿ ಹರಿಹರದ ತವರಿನಿಂದ ಅವಳ ಹಿಂದೆಯೇ ಬಂದದ್ದು. ಮಿಕ್ಸಿ ಬಂದ ಮೇಲೆ ಅದರಲ್ಲಿ ಚಟ್ನಿಯೂ ಇಲ್ಲ, ಹಿಟ್ಟೂ ಇಲ್ಲ. ಮಳೆ ಬಂದರೆ ನೀರು, ಇಲ್ಲದಿದ್ದರೆ ಪಕ್ಕದ ಮನೆಯ ಬೆಕ್ಕು. ನಾನು ಕಾರು ಕೊಂಡಾಗಿನಿಂದ ನನಗೂ ಅದಕ್ಕೂ ಆಗಿಬರುತ್ತಿಲ್ಲ. ಕಾರು ಒಳಗೆ ಬರಬೇಕಾದರೆ ಅದು ಏಳಬೇಕು. ಅವ್ವನೋ, "ಅದನ್ನ ಕಂಡಕಂಡಲ್ಲಿ ಒಗಿಯಾಕೆ ನಾ ಬಿಡಲ್ಲ" ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದಳು.

ಆಗ ಹೊಳೆದದ್ದು ಊರಿನ ವಸ್ತುಸಂಗ್ರಹಾಲಯ. ಎಸೆದರೆ ಪಾಪ, ಮ್ಯೂಸಿಯಂಗೆ ಕೊಟ್ಟರೆ ದಾನ! ಒಂದು ದಿನ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ದಾರಿಯಲ್ಲಿ ಬೆಣ್ಣೆ ದೋಸೆಯನ್ನೂ ಕೊಡಿಸಿದೆ. ಲಂಚ ಅನ್ನಬೇಡಿ, ನಮ್ಮೂರಲ್ಲಿ ಅದು ಉಪಚಾರ.

ಅವ್ವ ಮ್ಯೂಸಿಯಂ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ವೀರಗಲ್ಲುಗಳಿಗೆಲ್ಲ ಕೈ ಮುಗಿದಳು. ಅದೇ ಓಘದಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೂ ಮುಗಿದಳು. ಕೊನೆಯ ಕೋಣೆಯಲ್ಲಿ, ಸುತ್ತ ಹಗ್ಗ ಕಟ್ಟಿ, ಒಂದು ಒರಳುಕಲ್ಲು ಇಟ್ಟಿದ್ದರು. ನಾನು ಕಾದಿದ್ದ ಗಳಿಗೆ.

"ನೋಡವ್ವ, ಎಷ್ಟು ಮರ್ಯಾದಿಯಿಂದ ಇಟ್ಟಾರೆ! ನಿನ್ನ ಒರಳೂ ಇಲ್ಲೇ ಇದ್ರೆ ಹೆಂಗೆ?" ಅಂದೆ.

ಅವ್ವ ಹಗ್ಗದ ಮೇಲೆ ಬಗ್ಗಿ ಒರಳೊಳಗಿನ ಗುಂಡುಕಲ್ಲನ್ನು ಸವರಿದಳು. "ಅಜ್ಜೀ, ಮುಟ್ಟಬ್ಯಾಡ್ರಿ" ಎಂದು ಕಾವಲಿನವರು ಹತ್ತಿರ ಬಂದರು. ಅವ್ವ ಅವರನ್ನೇ ಕೇಳಿದಳು: "ಇದರ ಮನೇರು ಯಾವಾಗಾರ ನೋಡಾಕೆ ಬರ್ತಾರೇನಪ್ಪಾ?"

"ಇಲ್ರೀ. ಕೊಟ್ಟು ಹೋದೋರು ತಿರುಗಿ ಬಂದಿಲ್ರೀ."

ಅವ್ವ ನನ್ನ ಕಡೆ ತಿರುಗಿದಳು. "ನೀನು ಹುಟ್ಟಿದಾಗ ಉಳೀತಿಯೋ ಇಲ್ವೋ ಅನ್ನಂಗಿದ್ದಿ. ಹೆಸರಿಡೋ ದಿನ ನಮ್ಮ ಗುಂಡುಕಲ್ಲಿಗೆ ಕುಲಾವಿ ಹಾಕಿ, ಅದನ್ನೇ ಮೊದಲು ತೊಟ್ಟಿಲಾಗೆ ಮಲಗಿಸಿ ತೂಗಿದ್ವಿ. ಕೂಸು ಕಲ್ಲಿನಂಗೆ ಗಟ್ಟಿ ಆಗ್ಲಿ ಅಂತ. ಆಮ್ಯಾಲೆ ನಿನ್ನ ಮಲಗಿಸಿದ್ದು. ಲೆಕ್ಕಕ್ಕೆ ಅವ ನಿನಗೆ ಅಣ್ಣ ಆಗ್ಬೇಕು. ಹಿರೀ ಮಗನ್ನ ಇಲ್ಲಿ ಬಿಟ್ಟು ಬಾ ಅಂತೀಯೇನೋ?"

ಅವಳ ಧ್ವನಿ ನಡುಗುತ್ತಿತ್ತು. ನನಗೆ ನಾಚಿಕೆಯಾಯಿತು. "ಬ್ಯಾಡವ್ವ, ನಡಿ ಮನೀಗೆ" ಎಂದು ಅವಳ ಕೈ ಹಿಡಿದುಕೊಂಡೆ.

ಈಗ ಕಾರು ಬೀದಿಯಲ್ಲೇ ನಿಲ್ಲುತ್ತದೆ. ನನ್ನ ಹೆಂಡತಿ ಅಂಗಳ ಗುಡಿಸುವಾಗ ಒರಳಿನ ಮುಂದೆ ತಲೆಗೆ ಸೆರಗು ಹೊದ್ದು, "ಭಾವನೋರೇ, ಸ್ವಲ್ಪ ಸರೀರಿ" ಎನ್ನುತ್ತಾಳೆ. ಮೊನ್ನೆ ಅವ್ವ ಅದರ ಪಕ್ಕ ಕೂತು ಎಳೆಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದಳು. ನಾನು ಸುಮ್ಮನಿರಲಾರದೆ, "ನಮ್ಮಿಬ್ಬರಾಗೆ ಯಾರ ಮ್ಯಾಲೆ ಪ್ರೀತಿ ಜಾಸ್ತಿ ನಿನಗೆ?" ಎಂದು ಕೇಳಿದೆ.

"ಇಬ್ಬರ ಮ್ಯಾಲೂ ಐತೆ. ಆದ್ರೆ ಅವ ಒಂದಿನಾನೂ ನನಗೆ ಎದುರು ಮಾತಾಡಿಲ್ಲ ನೋಡು" ಅಂದಳು.

ಅದಕ್ಕೂ ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಲ್ಲೇ ಗುಡಿಸುತ್ತಿದ್ದ ಹೆಂಡತಿ ನನ್ನತ್ತ ಕಣ್ಣು ಬಿಟ್ಟಳು. ಬಾಯಿ ಮುಚ್ಚಿಕೊಂಡು ಅಣ್ಣನ ಪಕ್ಕದಲ್ಲಿ ಕೂತೆ.